ಮೂವತ್ತು ಮಳೆಗಾಲದ ಮಣ್ಣು

ಸವಳಕೊಪ್ಪದಲ್ಲಿ ಮಾದೇವಿಯ ಎದುರು ಆಡಬಾರದ ಮಾತು ಒಂದೇ ಒಂದಿತ್ತು. ಅವಳ ಗಂಡ ಗುಡದಪ್ಪ ಬಾಯಿಲ್ಲದ ಬಸವ ಅಂದರೂ ನಡೆಯುತ್ತಿತ್ತು. "ಒಂದು ಮನಿಗೆ ಒಂದ ಬಾಯಿ ಸಾಕ್ರಿ, ಅದನ್ನ ನಾ ಇಟ್ಕೊಂಡೀನಿ" ಅಂತ ಅವಳೇ ನಗುತ್ತಿದ್ದಳು. ಅವಳ ನಡಿಗೆ ಎಮ್ಮೆಯ ನಡಿಗೆ ಅಂದರೂ ಸಿಟ್ಟಿಲ್ಲ. ಆದರೆ ಅವಳು ಮಣ್ಣು ಹಾಕಿದ ಮಾಳಿಗೆ ಸೋರುತ್ತದೆ ಅಂತ ಮಾತ್ರ ಯಾರೂ ಅನ್ನಕೂಡದು. ಹಾಗೆ ಅಂದವರ ಏಳು ತಲೆಮಾರನ್ನು ನಿಚ್ಚಣಿಕೆಯ ಮೇಲೆ ನಿಂತೇ ಜಾಲಾಡಿಬಿಡುತ್ತಿದ್ದಳು.

ತಿರ್ಲಾಪುರದಿಂದ ಮೂರು ಮೈಲಿ ಆಚೆಗಿರುವ ಈ ಊರಿನಲ್ಲಿ ಹಳೆಯ ಮನೆ ಅಂದರೆ ಮಣ್ಣಿನ ಗೋಡೆ, ಮೇಲೆ ಮಣ್ಣಿನದೇ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಎಲ್ಲದರ ಮೇಲೆ ಒಂದು ಗೇಣು ಸವಳು ಮಣ್ಣು. ಹೊಲದ ಕಪ್ಪು ಎರೆ ಮಣ್ಣು ಬಿಸಿಲಿಗೆ ಬಾಯಿ ಬಿಡುತ್ತದೆ, ಮಾಳಿಗೆಗೆ ಬಾರದು. ಬೆಳೆಗೆ ಬಾರದ ಸವಳು ಮಣ್ಣೇ ಮಾಳಿಗೆಗೆ ಬೇಕು. ಆದರೆ ಅದರಲ್ಲೂ ಒಳ್ಳೆಯದು ಕೆಟ್ಟದ್ದು ಇದೆ. ಮಾದೇವಿ ಹಳ್ಳದ ದಂಡೆಗೆ ಹೋಗಿ ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು, ಉಪ್ಪು ಸಾಕೋ ಸಾಲದೋ ನೋಡಿ, "ಇಲ್ಲಿ ಅಗೀರಿ" ಅನ್ನುತ್ತಿದ್ದಳು. ಬೇಸಿಗೆಯ ಕೊನೆಗೆ, ರೋಹಿಣಿ ಮಳೆ ಬೀಳುವುದರೊಳಗೆ, ಊರಿನ ಅರವತ್ತು ಮಾಳಿಗೆಗಳ ಮೇಲೆ ಅವಳ ಕಾಲು ಆಡಬೇಕು. ಹಳೆಯ ಮಣ್ಣನ್ನು ಕೆರೆದು ಇಳಿಸುವುದು, ಹೊಸದನ್ನು ಹರವುವುದು, ನೀರು ಚಿಮುಕಿಸಿ ಹಿಮ್ಮಡಿಯಿಂದ ತುಳಿಯುವುದು. ಅವಳು ತುಳಿದ ಮಾಳಿಗೆಯ ಮೇಲೆ ಬಿದ್ದ ಮಳೆ ಅತ್ತಿತ್ತ ನೋಡದೆ ನೀರು ಇಳಿಯುವ ದೋಣಿಯ ಕಡೆಗೇ ಓಡುತ್ತಿತ್ತು.

ಹೀಗೆ ಊರಿನ ಅರವತ್ತು ಮನೆಗಳ ನೆತ್ತಿ ಅವಳಿಗೆ ಗೊತ್ತು. ಅವುಗಳಲ್ಲಿ ಅರ್ಧದಷ್ಟರ ಪಡಸಾಲೆ ಹೇಗಿದೆ ಅಂತ ಗೊತ್ತಿಲ್ಲ. ನಿಚ್ಚಣಿಕೆಯನ್ನು ಹಿತ್ತಲ ಗೋಡೆಗೆ ಹಚ್ಚುತ್ತಿದ್ದರು, ಚಹಾವನ್ನೂ ಅಲ್ಲೇ ಕೊಡುತ್ತಿದ್ದರು. ತಲೆಯ ಮೇಲೆ ಓಡಾಡಲು ಬಿಟ್ಟವರು ಹೊಸ್ತಿಲು ದಾಟಲು ಬಿಡಲಿಲ್ಲ ಅಂದರೆ ಯಾರಿಗಾದರೂ ಸಿಟ್ಟು ಬರಬೇಕು. ಮಾದೇವಿಗೆ ನಗು ಬರುತ್ತಿತ್ತು. "ಅವರ ತಲಿ ಮ್ಯಾಲ ನಾ ಕುಣೀತೀನಿ, ಅವ್ರ ಕೆಳಗ ಕುಂತು ಉಣ್ತಾರ. ಯಾರ ದೊಡ್ಡವರು?" ಅಂತ ಗಂಡನನ್ನು ಕೇಳುತ್ತಿದ್ದಳು. ಗುಡದಪ್ಪ ಎಂದಿನಂತೆ ತಲೆಯಾಡಿಸುತ್ತಿದ್ದ.

ಇಂಥವಳ ಮನೆಗೆ ದೀಪಾವಳಿ ಮುಗಿದ ವಾರ ಪಂಚಾಯ್ತಿಯ ಪ್ರಭು ಮೊಬೈಲ್ ಹಿಡಿದುಕೊಂಡು ಬಂದ. ಮಣ್ಣಿನ ಮನೆಗಳಲ್ಲಿ ಇರುವವರಿಗೆ ಸರ್ಕಾರ ಗಟ್ಟಿ ಮನೆ ಕಟ್ಟಿಕೊಳ್ಳಲು ನೆರವು ಕೊಡುತ್ತದೆ, ಈ ಸಲ ಊರಿನ ಪಾಲಿಗೆ ಹದಿನೆಂಟು ಮನೆ, ಅರ್ಜಿ ಮಾತ್ರ ಅರವತ್ತರ ಮೇಲೆ. ಯಾರ ಮನೆ ಹೆಚ್ಚು ಕೆಟ್ಟಿದೆಯೋ ಅವರಿಗೆ ಮೊದಲು. ಅದಕ್ಕೆ ಪ್ರಭು ಮನೆ ಮನೆಗೆ ಹೋಗಿ ಪ್ರಶ್ನೆ ಕೇಳಿ, ಉತ್ತರ ಒತ್ತಿಕೊಂಡು, ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ಒಳ್ಳೆಯ ಹುಡುಗನೇ. ಆದರೆ ಮೊಬೈಲಿನಲ್ಲಿ ಬಂದ ಪ್ರಶ್ನೆಯನ್ನು ಬಂದಂತೆಯೇ ಓದುವ ಚಟ ಅವನಿಗೆ.

"ಗೋಡಿ ಯಾತರದ್ರಿ?"

"ಕಣ್ಣಿಲ್ಲೇನು ನಿನಗ? ಮಣ್ಣಿಂದು."

"ಮ್ಯಾಳಗಿ?"

"ಅದೂ ಮಣ್ಣಿಂದು."

"ಮಳಿಗಾಲದಾಗ ಸೋರತೈತೇನ್ರಿ?"

ಓಣಿಯಲ್ಲಿ ಜನ ನಿಂತಿದ್ದರು. ಎದುರು ಮನೆಯವರು, ಬಾಜು ಮನೆಯವರು, ತಮ್ಮ ಸರದಿ ಮುಗಿಸಿಕೊಂಡವರು, ಸರದಿ ಕಾಯುವವರು. ಅವರ ಮನೆಗಳಲ್ಲಿ ಈ ಪ್ರಶ್ನೆಗೆ ಎಂಥೆಂಥ ಉತ್ತರ ಬಂದಿತ್ತು ಅಂದರೆ, ಒಬ್ಬಾಕೆ ಮಳೆಗಾಲದಲ್ಲಿ ತಮ್ಮ ಮನೆಯೊಳಗೆ ಎಮ್ಮೆ ಈಜುತ್ತದೆ ಅಂತ ಹೇಳಿದ್ದಳಂತೆ. ಮಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಯಾರ ಮ್ಯಾಳಗಿ? ನಂದಾ? ಲೇ ಪ್ರಭು, ನಿಮ್ಮಜ್ಜನ ಕಾಲದಿಂದ ಈ ಊರಾಗ ಮ್ಯಾಳಗಿ ತುಳದೀನಿ. ಒಂದು ಹನಿ ಸೋರಿದ್ದು ತೋರಸು, ಇದ ಓಣ್ಯಾಗ ನಿಂತು ಮೂಗು ಕೊಯ್ಸಿಕೋತೀನಿ. ಅಗದಿ ಗಟ್ಟಿ ಐತಿ ಅಂತ ಬರಕೋ!"

ಪ್ರಭು ಬರೆದುಕೊಂಡ. ಸೋರುವುದಿಲ್ಲ, ಮನೆ ಗಟ್ಟಿ ಇದೆ. ಮಾದೇವಿ ಬಾಗಿಲ ಮುಂದೆ ಎದೆಯೆತ್ತಿ ನಿಂತು ಫೋಟೋ ತೆಗೆಸಿಕೊಂಡಳು. ಹಿಂದಿನ ದಿನವಷ್ಟೇ ಗೋಡೆಗೆ ಕೆಮ್ಮಣ್ಣು ಬಳಿದು ಸುಣ್ಣದ ಗೆರೆ ಎಳೆದಿದ್ದರಿಂದ ಮನೆಯೂ ಅವಳಷ್ಟೇ ಜೋರಾಗಿ ಬಂತು. ಗುಡದಪ್ಪ ಮಾತ್ರ ಹಿತ್ತಲಿನ ಕಡೆ ಒಮ್ಮೆ ನೋಡಿ, ಏನೋ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

ಹಿತ್ತಲ ಕಡೆಯ ಗೋಡೆ ಎರಡು ವರ್ಷದಿಂದ ಹೊಟ್ಟೆ ಬಿಟ್ಟಿತ್ತು. ಗುಡದಪ್ಪ ಅದಕ್ಕೆ ಒಂದು ಜಾಲಿ ದಿಮ್ಮಿಯ ಆನಿಕೆ ಕೊಟ್ಟಿದ್ದ. ಈ ವರ್ಷ ಇನ್ನೊಂದು ದಿಮ್ಮಿ ಹುಡುಕುತ್ತಿದ್ದ.

ಸಂಕ್ರಮಣದ ಹೊತ್ತಿಗೆ ಮಗಳು ಮಲ್ಲಿಕಾ ಬಂದಳು. ಹೋದ ವರ್ಷ ಗುಡಗೇರಿಗೆ ಮದುವೆ ಮಾಡಿ ಕೊಟ್ಟ ಒಬ್ಬಳೇ ಮಗಳು, ಈಗ ಎರಡು ತಿಂಗಳ ಬಸುರಿ. ಸುದ್ದಿ ಹೇಳಲು ಅತ್ತೆ ಶಿವಗಂಗವ್ವ ತಾನೇ ಸೊಸೆಯನ್ನು ಕರೆದುಕೊಂಡು ಬಂದಿದ್ದಳು. ಮಾದೇವಿ ಹಿಗ್ಗಿ ಹೀರೇಕಾಯಿ ಆದಳು. ಎಳ್ಳು ಹಚ್ಚಿದ ರೊಟ್ಟಿ, ಮಾದಲಿ, ಬದನೆಕಾಯಿ ಎಣ್ಣೆಗಾಯಿ, ಒಂದಲ್ಲ ಎರಡಲ್ಲ. ಊಟಕ್ಕೆ ಕೂತ ಶಿವಗಂಗವ್ವ ಮಾತ್ರ ಹಿತ್ತಲ ಗೋಡೆಯನ್ನು ಒಮ್ಮೆ ನೋಡಿ, ತಟ್ಟೆ ಎತ್ತಿಕೊಂಡು ಸ್ವಲ್ಪ ಈಚೆ ಸರಿದಳು. ಆಮೇಲೆ ಮತ್ತೂ ಸ್ವಲ್ಪ ಸರಿದಳು. ಮೂರನೆಯ ಸಲ ಸರಿಯುವಾಗ ಬಾಗಿಲಿನ ಹತ್ತಿರ ಬಂದಿದ್ದಳು.

"ಬೀಗ್ತ್ಯಾರ, ಸಿಟ್ಟಾಗಬ್ಯಾಡ್ರಿ," ಅಂದಳು ಕೈತೊಳೆದು. "ಹುಡುಗಿಗೆ ದಿನಾ ತುಂಬೂದು ಶ್ರಾವಣದಾಗ. ಹೊರಗ ಮಳಿ, ಒಳಗ ಹಸಿಗೂಸು, ಮ್ಯಾಲ ಈ ಗೋಡಿ. ಬಾಣಂತನ ನಮ್ಮಲ್ಲೇ ಆಗಲಿ ಬಿಡ್ರಿ."

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಬಡವರಿರಲಿ ಬಲ್ಲಿದರಿರಲಿ, ಅದು ತಾಯಿಯ ಹಕ್ಕು. ಮಗಳಿಗೆ ಎಣ್ಣೆ ತಿಕ್ಕಿ ಎರೆಯುವುದು, ಕೂಸಿಗೆ ಸಾಂಬ್ರಾಣಿ ಹೊಗೆ ಕೊಡುವುದು, ಅಂಟಿನುಂಡೆ ಕಟ್ಟುವುದು ಇವನ್ನೆಲ್ಲ ಮಗಳ ಮದುವೆಯಾದಾಗಿನಿಂದ ಮಾದೇವಿ ಮನಸ್ಸಿನಲ್ಲೇ ಹತ್ತು ಸಲ ಮಾಡಿ ಮುಗಿಸಿದ್ದಳು. ಈಗ ಅದನ್ನು ಬೀಗತಿ ಒಂದೇ ಮಾತಿನಲ್ಲಿ ಕಸಿದುಕೊಂಡಳು. ಮಾದೇವಿ ಕೈಯಲ್ಲಿದ್ದ ರೊಟ್ಟಿ ಬುಟ್ಟಿಯನ್ನು ಕೆಳಗಿಟ್ಟಳು. ಮಗಳ ಮುಖ ನೋಡಿದಳು. ಮಲ್ಲಿಕಾ ತಲೆ ತಗ್ಗಿಸಿ ತಟ್ಟೆಯಲ್ಲಿದ್ದ ಮಾದಲಿಯನ್ನು ಬೆರಳಿನಿಂದ ಅತ್ತಿತ್ತ ದೂಡುತ್ತಿದ್ದಳು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದವಳು ಹಿತ್ತಲಿಗೆ ಹೋಗಿ ಗೋಡೆಯ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. ಗುಡದಪ್ಪ ಎರಡನೆಯ ದಿಮ್ಮಿ ತಂದಿದ್ದ.

"ಸರ್ಕಾರದ ಮನಿ ನಮಗ ಬೇಕ," ಅಂದಳು. "ಶ್ರಾವಣದೊಳಗ ಬೇಕ."

ಗ್ರಾಮಸಭೆ ಶಾಲೆಯ ಮುಂದೆ ಬೇವಿನ ಗಿಡದ ಕೆಳಗೆ ಸೇರಿತು. ಪ್ರಭು ಪಟ್ಟಿ ಓದಿದ. ಹದಿನೆಂಟು ಹೆಸರು ಮುಗಿದವು, ಮಾದೇವಿ ಇಲ್ಲ. ಉಳಿದವರ ಪಟ್ಟಿಯನ್ನೂ ಓದಿಸಿದಾಗ ಅವಳ ಹೆಸರು ಬಂದದ್ದು ಐವತ್ತೇಳನೆಯದಾಗಿ. ಮೇಲಿನ ಓಣಿಯ ಈರಬಸಪ್ಪ, ನಲವತ್ತು ಎಕರೆಯ ಸಾಹುಕಾರ ಮತ್ತು ಪಂಚಾಯ್ತಿ ಮೆಂಬರ, ಅವಳ ಪಕ್ಕಕ್ಕೆ ಬಗ್ಗಿ ಪಿಸುಗುಟ್ಟಿದ. ಅವನ ಮಾಳಿಗೆಯನ್ನು ಇಪ್ಪತ್ತೈದು ವರ್ಷದಿಂದ ತುಳಿಯುವವಳು ಇವಳೇ.

"ಮಾದೇವಿ, ಎದ್ದು ನಿಂತು 'ನಮ್ಮನಿ ಸೋರತೈತ್ರಿ' ಅಂದುಬಿಡು. ಒಂದ ಮಾತು. ಉಳದದ್ದು ನಾ ನೋಡ್ಕೋತೀನಿ."

"ಸೋರಂಗಿಲ್ಲಲ್ರಿ ಸಾವ್ಕಾರ್ರ."

"ಸೋರಸಾಕ ನಿನಗೇನು ಕಷ್ಟ? ಬೇಕಾದ್ರ ಒಂದು ತೂತು ಹಾಕಿ ಎರಡ ಕೊಡ ನೀರು ಸುರುವು."

ಮಾದೇವಿ ಎದ್ದು ನಿಂತಳು. ಸಭೆಯಲ್ಲಿ ಅವಳು ಮಾಳಿಗೆ ತುಳಿದ ಅರವತ್ತು ಮನೆಯವರೂ ಇದ್ದರು. ಬಾಯಿ ತೆರೆದಳು. ಅರವತ್ತು ಮನೆಯವರ ಎದುರು ತನ್ನ ಮಾಳಿಗೆ ಸೋರುತ್ತದೆ ಅಂತ ತಾನೇ ಹೇಳುವುದು, ಅಡುಗೆಯವಳು ತನ್ನ ಮನೆಯ ಅನ್ನ ಹಳಸಿದೆ ಅಂತ ಸಾರಿದ ಹಾಗೆ.

"ಮನಿ ಸೋರಂಗಿಲ್ರಿ," ಅಂದಳು. "ಆದ್ರ ಗೋಡಿ ಬಾಗೈತಿ."

"ಅಗದಿ ಗಟ್ಟಿ ಐತಿ ಅಂತ ಬರಕೋ ಅಂದವರು ನೀವ ಅಲ್ರೀ?" ಅಂದ ಪ್ರಭು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಕ್ಕದ್ದರಲ್ಲಿ ಕೆಟ್ಟತನ ಇರಲಿಲ್ಲ, ಆದರೂ ಮಾದೇವಿಯ ಕಿವಿ ಕೆಂಪಾಯಿತು. ಈರಬಸಪ್ಪ ಎದ್ದು, ಆಕೆ ಆಕ್ಷೇಪಣೆ ಕೊಟ್ಟಿದ್ದಾಳೆ, ತಾಲೂಕಿನಿಂದ ಎಂಜಿನಿಯರ್ ಬಂದು ನೋಡಿ ಹೋಗಲಿ ಅಂತ ಬರೆಸಿದ. ಒಂದು ಮಳೆಯನ್ನೂ ಒಳಗೆ ಬಿಡದ ಮಾಳಿಗೆಯ ಋಣವನ್ನು ಮನುಷ್ಯ ಎಲ್ಲೋ ಒಂದು ಕಡೆ ತೀರಿಸುತ್ತಾನೆ. ಪಡಸಾಲೆಗೆ ಕರೆದು ತೀರಿಸಿದ್ದರೆ ಇನ್ನೂ ಚೆನ್ನಿತ್ತು, ಇರಲಿ.

ವಾರದ ಮೇಲೆ ಎಂಜಿನಿಯರ್ ಬಂದಳು. ಅತಿಯಾ ಅಂತ ಹೆಸರು, ಇನ್ನೂ ಮೂವತ್ತು ದಾಟದ ಹುಡುಗಿ, ಸ್ಕೂಟಿಯ ಮೇಲೆ ಹೆಲ್ಮೆಟ್ಟು ಹಾಕಿಕೊಂಡು ಬಂದಿದ್ದಳು. ಮಾದೇವಿ ಹಿಂದಿನ ದಿನ ಮತ್ತೆ ಗೋಡೆಗೆ ಕೆಮ್ಮಣ್ಣು ಬಳಿಯಲು ಹೊರಟಿದ್ದಳು, ಮನೆಗೆ ದೊಡ್ಡವರು ಬರುತ್ತಾರೆ ಅಂತ. ಗುಡದಪ್ಪ ಬಾಯಿ ಬಿಡದೆ ಕೆಮ್ಮಣ್ಣು ಕಲಸಿದ ಬೋಗುಣಿಯನ್ನು ಎತ್ತಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಬಚ್ಚಿಟ್ಟು ಬಂದಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯ ಮಾತಿಗೆ ಅಡ್ಡ ಬಂದದ್ದು ಅದೇ ಮೊದಲು.

ಅತಿಯಾ ಹೊಟ್ಟೆ ಬಿಟ್ಟ ಗೋಡೆ ನೋಡಿದಳು, ಎರಡು ದಿಮ್ಮಿಗಳನ್ನು ನೋಡಿದಳು, ಒಳಗೆ ಬಂದು ಜಂತಿಗಳನ್ನು ನೋಡಿದಳು.

"ನೀರಿನ ಕಲೆ ಒಂದೂ ಇಲ್ಲಲ್ರಿ ಅವ್ವಾರ," ಅಂದಳು ಆಶ್ಚರ್ಯದಿಂದ. "ಸೋರಂಗಿಲ್ಲ ಹಂಗಾದ್ರ."

"ಅದನ್ನ ಹೇಳಾಕತ್ತೀನ್ರಿ ಅಕ್ಕಾರ ನಾನೂ!"

"ಮತ್ತ ಗೋಡಿ ಯಾಕ ಬಾಗೇತಿ? ನಾ ಮ್ಯಾಲ ಹತ್ತಬೇಕಲ್ಲ."

ಹುಡುಗಿ ಚಪ್ಪಲಿ ಬಿಟ್ಟು ನಿಚ್ಚಣಿಕೆ ಏರಿದಳು. ಮಾದೇವಿ ಹಿಂದಿನಿಂದ ಏರಿದಳು, ಗುಡದಪ್ಪ ಹಾರೆ ಹಿಡಿದು ಏರಿದ. ಮಾಳಿಗೆಯ ಮೇಲೆ ನಿಂತಾಗ ಮಾದೇವಿಗೆ ಎಂದಿನ ಗತ್ತು ಬಂತು. ಕೆಳಗೆ ಓಣಿಯ ಜನ ಕತ್ತೆತ್ತಿ ನೋಡುತ್ತಿದ್ದರು. ಅತಿಯಾ ಒಂದು ಕಡೆ ತೋರಿಸಿ ಅಗೆಯಲು ಹೇಳಿದಳು. ಗುಡದಪ್ಪ ಅಗೆದ. ಒಂದು ಗೇಣು ಅಗೆದ, ಕಟ್ಟಿಗೆ ಸಿಗಲಿಲ್ಲ. ಎರಡು ಗೇಣು ಅಗೆದ, ಸಿಗಲಿಲ್ಲ. ಕೊನೆಗೆ ಬೇವಿನ ಸೊಪ್ಪಿನ ಪುಡಿ ಸಿಕ್ಕಾಗ ಅತಿಯಾ ಗುಂಡಿಯಲ್ಲಿ ಟೇಪು ಇಳಿಬಿಟ್ಟು ಅಳೆದಳು. ಎರಡೂವರೆ ಅಡಿಗೂ ಮೇಲೆ.

"ಇದು ಮ್ಯಾಳಗಿ ಅಲ್ರಿ, ಹೊಲಾ ಆಗೇತಿ," ಅಂದಳು. "ಇಷ್ಟ ಭಾರ ಯಾವ ಗೋಡಿ ಹೊತ್ತೀತು? ಇದನ್ನ ಯಾವಾಗ ಇಳಿಸಿದ್ರಿ ಕಡೀಗೆ?"

ಗುಂಡಿಯ ಬದಿಯಲ್ಲಿ ಮಣ್ಣು ಪದರ ಪದರವಾಗಿ ಕಾಣುತ್ತಿತ್ತು, ಒಂದೊಂದು ಬೇಸಿಗೆಗೆ ಒಂದೊಂದು ಪದರ. ಮಾದೇವಿ ಅದನ್ನು ನೋಡಿ ಕುಕ್ಕರಿಸಿ ಕೂತಳು. ಊರ ತುಂಬ ಅವಳು ಹೇಳುತ್ತಾ ಬಂದ ಮಾತು ಒಂದೇ: ಹಳೆಯದನ್ನು ಇಳಿಸದೆ ಹೊಸದನ್ನು ಹಾಕಬೇಡಿ, ಗೋಡೆಗೆ ಭಾರ. ಕೆರೆದು ಇಳಿಸಲು ಸೋಮಾರಿತನ ಮಾಡಿದವರನ್ನು ಅವಳು ಬೈದ ಬೈಗುಳಕ್ಕೆ ಲೆಕ್ಕವಿಲ್ಲ. ಅದೇ ಜನ ಈಗ ಕೆಳಗೆ ನಿಂತು ಕೇಳುತ್ತಿದ್ದಾರೆ. ಸೋರುತ್ತದೆ ಅನ್ನುವುದೇ ಕಷ್ಟ ಅಂದುಕೊಂಡಿದ್ದಳು. ಇದು ಅದಕ್ಕಿಂತ ನೂರು ಪಾಲು ಕಷ್ಟವಾಗಿತ್ತು.

ಮಗಳ ತಗ್ಗಿಸಿದ ಮುಖ ನೆನಪಾಯಿತು. ಅವಳು ಎದ್ದು ನಿಂತು, ಕೆಳಗಿನವರಿಗೂ ಕೇಳುವಂತೆ ಹೇಳಿದಳು.

"ಒಮ್ಮೆನೂ ಇಳಿಸಿಲ್ರಿ ಅಕ್ಕಾರ. ನಾ ಮದಿವ್ಯಾಗಿ ಬಂದ ವರ್ಷ ಹಾಕಿದ್ದೂ ಇಲ್ಲೇ ಐತಿ. ಊರ ಮಂದೀದು ಎಲ್ಲಾರದೂ ಇಳಿಸಿ ಹಾಕಿ ಬರೂದ್ರಾಗ ಮಳಿ ಬಂದು ನಿಂತಿರತಿತ್ತು. ನಮ್ಮದನ್ನ ಇಳಿಸಾಕ ಹೊತ್ತ ಇಲ್ಲ. ಈ ವರ್ಷ ಮ್ಯಾಲ ನಾಕ ಬುಟ್ಟಿ ಹಾಕೂಣು, ಮುಂದಿನ ವರ್ಷ ಇಳಿಸಿದ್ರಾತು, ಅಂತ. ಹಿಂಗ ಆತು. ತಪ್ಪು ನಂದ."

"ಮೂವತ್ತು," ಅಂದ ಗುಡದಪ್ಪ. ಎಲ್ಲರೂ ಅವನತ್ತ ನೋಡಿದರು. "ಮೂವತ್ತು ಮಳಿಗಾಲ. ನಾ ಎಣಿಸೀನಿ."

"ಎಣಿಸಿದವ್ರು ಹೇಳಾಕ ಏನಾಗಿತ್ತು?" ಅಂತ ಮಾದೇವಿ ತಿರುಗಿದಳು.

"ನೀ ಬಿಟ್ಟಿದ್ರ ಹೇಳತಿದ್ದೆ."

ಕೆಳಗೆ ನಿಂತವರು ನಕ್ಕರು. ಮಾದೇವಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎರಡನ್ನೂ ಒಂದೇ ಸೆರಗಿನಿಂದ ಒರೆಸಿಕೊಂಡಳು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಗಾದೆ ಮಾಡಿದವರು ಇವಳನ್ನು ನೋಡಿಯೇ ಮಾಡಿರಬೇಕು.

ಅತಿಯಾ ಮಾಳಿಗೆಯ ಮೇಲೆಯೇ ಕೂತು ವರದಿ ಬರೆದಳು. ಮನೆ ಯಾವಾಗ ಬೇಕಾದರೂ ಕುಸಿಯಬಹುದು, ವಾಸಕ್ಕೆ ಯೋಗ್ಯವಲ್ಲ, ಮೊದಲ ಸರದಿಯಲ್ಲೇ ಕೊಡಬೇಕು. ಓದಿ ಹೇಳಿ, ಸಹಿ ಹಾಕಲು ಪೆನ್ನು ಕೊಟ್ಟಳು. ಮಾದೇವಿ ಪೆನ್ನು ಹಿಡಿದು ತಡೆದಳು.

"ಅಕ್ಕಾರ, ಸೋರಂಗಿಲ್ಲ ಅಂತ ಅದರಾಗ ಒಂದ ಮಾತು ಸೇರಸ್ರಿ."

"ಅದು ಬೇಕೇನ್ರಿ ಅವ್ವಾರ?"

"ಬೇಕ್ರಿ. ಸುಳ್ಳೇನಲ್ಲಲ್ಲ."

ಅತಿಯಾ ನಗುತ್ತಾ ಬರೆದಳು: 'ಮಾಳಿಗೆ ಸೋರುವುದಿಲ್ಲ.' ಆಗ ಮಾದೇವಿ, ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ ಕಲಿತ ನಾಲ್ಕಕ್ಷರಗಳಲ್ಲಿ ಮೂರನ್ನು ದೊಡ್ಡದಾಗಿ ಬರೆದಳು.

ಭಾರತ ಹುಣ್ಣಿಮೆಯ ಹೊತ್ತಿಗೆ ಮಂಜೂರಿ ಬಂತು. ಹಳೆಯ ಮನೆಯನ್ನು ಜೆಸಿಬಿ ತಂದು ಒಂದು ತಾಸಿನಲ್ಲಿ ಕೆಡವುತ್ತೇನೆ ಅಂದವನನ್ನು ಮಾದೇವಿ ಓಡಿಸಿದಳು. ತಾನು ಹಾಕಿದ ಮಣ್ಣನ್ನು ತಾನೇ ಇಳಿಸುತ್ತೇನೆ ಅಂತ ಹಟ. ಗಂಡ ಹೆಂಡತಿ ಒಂಬತ್ತು ದಿನ ಇಳಿಸಿದರು. ಆ ಮಣ್ಣಿನಿಂದ ಓಣಿಯ ತಗ್ಗುಗಳೆಲ್ಲ ತುಂಬಿ, ಪಂಚಾಯ್ತಿಗೆ ಹತ್ತು ವರ್ಷದಿಂದ ಆಗದಿದ್ದ ರಸ್ತೆ ಪುಕ್ಕಟೆ ಆಯಿತು. ಒಂಬತ್ತನೆಯ ದಿನ ಸೊಪ್ಪು, ಕಟ್ಟಿಗೆ ಎಲ್ಲ ತೆಗೆದಾಗ ನಡುತೊಲೆ ಕಂಡಿತು. ಅದು ಉದ್ದಕ್ಕೂ ಸೀಳಿ, ಸೀಳಿನಲ್ಲಿ ಕೈ ಹೋಗುವಷ್ಟು ಸಂದು ಬಿಟ್ಟಿತ್ತು. ಮಾದೇವಿ ಸೀಳಿನೊಳಗೆ ಕೈಯಿಟ್ಟು ನೋಡಿದಳು. ಅದರ ಸರಿಯಾಗಿ ಕೆಳಗೆ ಅವರಿಬ್ಬರ ಹಾಸಿಗೆ ಇತ್ತು. ಬಾಣಂತಿಗೆ ಹಾಸಬೇಕು ಅಂದುಕೊಂಡಿದ್ದ ಜಾಗವೂ ಅದೇ. ಅವತ್ತು ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಬೀಗತಿ ತಟ್ಟೆ ಎತ್ತಿಕೊಂಡು ಸರಿದದ್ದರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಮಾತ್ರ ಇಟ್ಟುಕೊಂಡಳು, ಮುಂದೆ ಬೇಕಾದೀತು ಅಂತ.

ಬಾಜು ಮನೆಯ ಹಿತ್ತಲಲ್ಲಿ ತಗಡಿನ ಗುಡಿಸಲು ಹಾಕಿಕೊಂಡು ಇಬ್ಬರೂ ಕೆಲಸಕ್ಕೆ ನಿಂತರು. ಎರೆ ನೆಲ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಬುನಾದಿ ಅದರ ಕೆಳಗಿನ ಗಟ್ಟಿ ಗರಸು ಸಿಗುವ ತನಕ ಹೋಗಲಿ ಅಂತ ಅತಿಯಾ ಹೇಳಿದ್ದಳು. ಗುಡದಪ್ಪ ಎದೆಮಟ್ಟ ಇಳಿದ ಮೇಲೂ ಮಾದೇವಿ "ಇನ್ನೂ ಇಳೀರಿ" ಅನ್ನುತ್ತಿದ್ದಳು. ಬುನಾದಿಗೆ ಒಂದು, ಬಾಗಿಲ ನೆತ್ತಿಯ ಮಟ್ಟಕ್ಕೆ ಒಂದು, ಹೀಗೆ ಹಂತ ಹಂತಕ್ಕೆ ಪ್ರಭು ಬಂದು ಫೋಟೋ ತೆಗೆದರೇ ಮುಂದಿನ ಕಂತು. ಪ್ರಭು ಬರುವುದು ಒಂದು ದಿನ ತಡವಾದರೆ ಮಾದೇವಿ ಪಂಚಾಯ್ತಿಯ ಬಾಗಿಲಲ್ಲಿ ಹೋಗಿ ಕೂರುತ್ತಿದ್ದಳು. ಅವಳು ಬರುವುದು ಕಿಟಕಿಯಲ್ಲಿ ಕಂಡರೆ ಸಾಕು, ಅವನು ಮೊಬೈಲ್ ಕಿಸೆಗೆ ಹಾಕಿಕೊಂಡು ಎದುರಿಗೇ ಬರುತ್ತಿದ್ದ.

ಬಸವ ಜಯಂತಿಯ ಮರುವಾರ ಸ್ಲ್ಯಾಬ್ ಬಿತ್ತು. ಇಪ್ಪತ್ತೊಂದು ದಿನ ಅದರ ಮೇಲೆ ನೀರು ನಿಲ್ಲಿಸಬೇಕು ಅಂದ ಮನೆ ಕಟ್ಟುತ್ತಿದ್ದ ಗೌಂಡಿ. ಮಾದೇವಿಗೆ ಅವನಿಗೆ ತಲೆ ಕೆಟ್ಟಿದೆ ಅನ್ನಿಸಿತು. ಜೀವಮಾನವೆಲ್ಲ ಮಾಳಿಗೆಯ ಮೇಲೆ ನೀರು ನಿಲ್ಲದಂತೆ ನೋಡಿಕೊಂಡವಳಿಗೆ ಈಗ ಅಲ್ಲಿ ಮಣ್ಣಿನ ಬದು ಕಟ್ಟಿ ಕೆರೆ ಮಾಡು ಅಂದರೆ ಹೇಗೆ? ಮೊದಲ ದಿನ ಒಂದೇ ಒಂದು ಕೊಡ ಹೊತ್ತು ಮೇಲೆ ಹತ್ತಿದಳು. ಸುರಿದು ಓಡಿ ಕೆಳಗೆ ಬಂದು ಒಳಗೆ ನಿಂತು ಮೇಲೆ ನೋಡಿದಳು. ಮತ್ತೆ ಹತ್ತಿ ಸುರಿದಳು, ಮತ್ತೆ ಇಳಿದು ನೋಡಿದಳು. ವಾರ ಕಳೆಯುವಷ್ಟರಲ್ಲಿ ಒಂದು ಜೋಡಿ ಪಾರಿವಾಳ ಅಲ್ಲಿ ಸ್ನಾನಕ್ಕೆ ಬರುವುದು ರೂಢಿ ಮಾಡಿಕೊಂಡಿತ್ತು.

ಕಾರ ಹುಣ್ಣಿಮೆಗೆ ಇನ್ನೂ ಒಂದು ವಾರ ಇರುವಾಗ ಶಿವಗಂಗವ್ವ ಸೊಸೆಯನ್ನು ಕರೆದುಕೊಂಡು ಬಂದಳು. ಮಲ್ಲಿಕಾಗೆ ಏಳು ತಿಂಗಳು. ಕುಬಸದ ಶಾಸ್ತ್ರ ತವರಿನಲ್ಲೇ ಮಾಡಿ, ಬಾಣಂತನಕ್ಕೆ ಇಲ್ಲೇ ಉಳಿಸಿಕೊಳ್ಳುತ್ತೇವೆ ಅಂತ ಮಾದೇವಿ ಹೇಳಿ ಕಳಿಸಿದ್ದಳು. ಗೋಡೆಗಳಿಗೆ ಇನ್ನೂ ಸಿಮೆಂಟಿನ ಗಿಲಾವು ಆಗಿರಲಿಲ್ಲ, ಹಿತ್ತಲ ಬಾಗಿಲಿಗೆ ಗೋಣಿ ತಟ್ಟು ಕಟ್ಟಿತ್ತು. ಆದರೂ ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ನೆಟ್ಟಗಿನ ಸ್ಲ್ಯಾಬ್. ಮಲ್ಲಿಕಾ ಒಳಗೆ ಬಂದವಳೇ ಕೋಣೆಯಿಂದ ಕೋಣೆಗೆ ಹೋಗಿ, "ಯವ್ವಾ, ತೊಟ್ಟಿಲಿನ ಕೊಂಡಿ ಎಲ್ಲಿ ಹಾಕಸೀ?" ಅಂತ ಕೇಳಿದಳು. ಮಾದೇವಿ ಬೆರಳೆತ್ತಿ ತೋರಿಸಿದಳು. ಸ್ಲ್ಯಾಬಿನಲ್ಲೇ ಕೂರಿಸಿದ ಕಬ್ಬಿಣದ ಕೊಂಡಿ. ಮಗಳು ಅದನ್ನು ನೋಡುತ್ತಾ ನಿಂತದ್ದನ್ನು ನೋಡಿ ಮಾದೇವಿಗೆ ಸಂತೋಷ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಎತ್ತಿ ಎತ್ತಿ ಇಟ್ಟಳು.

ಆರತಿ, ಉಡಿ ತುಂಬುವುದು, ಊಟ ಎಲ್ಲ ಮುಗಿಯಿತು. ಶಿವಗಂಗವ್ವ ಗೋಡೆಗೆ ಒರಗಿ ಕೂತಿದ್ದಳು, ಈ ಸಲ ಎಲ್ಲಿಗೂ ಸರಿದಿರಲಿಲ್ಲ. ಮಾದೇವಿ ಜನವರಿಯಿಂದ ಕೂಡಿಟ್ಟುಕೊಂಡಿದ್ದ ಮಾತುಗಳನ್ನು ಒಂದೊಂದಾಗಿ ನಾಲಿಗೆಯ ತುದಿಗೆ ತಂದುಕೊಂಡಳು. 'ಇನ್ನೂ ಈಚಿಗೆ ಬರ್ರಿ ಬೀಗ್ತ್ಯಾರ, ಗೋಡಿ ಬಿದ್ದೀತು' ಅನ್ನುವುದು ಅವುಗಳಲ್ಲಿ ಮೊದಲನೆಯದು. ಅಷ್ಟರಲ್ಲಿ ಶಿವಗಂಗವ್ವ ಸ್ಲ್ಯಾಬ್ ನೋಡುತ್ತಾ ಕೇಳಿದಳು.

"ನಿಮ್ಮ ಹಳೇ ಮನಿ ಮ್ಯಾಲ ಎರಡೂವರೆ ಫೂಟು ಮಣ್ಣ ಇತ್ತಂತ, ಖರೇನ?"

"ಖರೇರಿ," ಅಂದಳು ಮಾದೇವಿ.

"ನಮ್ಮದೂ ಮ್ಯಾಳಗಿ ಮನೀನಲ್ರಿ. ನಮ್ಮತ್ತಿ ಕಾಲದಿಂದ ಹಾಕ್ಕೋತ ಬಂದೀವಿ. ಇಳಿಸಿದ್ದು ನನಗ ನೆನಪಿಲ್ಲ."

ಮಾದೇವಿ ಆ ಮನೆಗೆ ಮದುವೆಯಲ್ಲಿ ಹೋಗಿದ್ದಳು, ಆದರೆ ಬೀಗರ ಮನೆಯ ಮಾಳಿಗೆ ಏರಿ ನೋಡುವ ರೂಢಿ ಎಲ್ಲಿದೆ? ಅವಳು ಮಗಳ ಕಡೆ ತಿರುಗಿದಳು.

"ಜಂತಿ ಸಪ್ಪಳ ಮಾಡತಾವೇನು?"

"ಹೋದ ಮಳಿಗಾಲದಾಗ ಮಾಡತಿದ್ವು," ಅಂದಳು ಮಲ್ಲಿಕಾ. "ಕರ್ರ್ ಅಂತ. ಇಲಿ ಇರಬೇಕು ಅಂದ್ಕೊಂಡಿದ್ವಿ."

ಕೂಡಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ. ಮಾದೇವಿ ಎದ್ದು, ಮೂಲೆಯಲ್ಲಿದ್ದ ಸಲಿಕೆ ಬುಟ್ಟಿ ಎತ್ತಿಕೊಂಡಳು.

"ಏಳ್ರಿ ಬೀಗ್ತ್ಯಾರ, ಈಗ ಬಸ್ಸೈತಿ. ಹೋಗೂಣು."

"ಇವತ್ತ? ಅಯ್ಯ, ನಾಳಿ ನಾಡದು ನೋಡಿದ್ರಾತು..."

"ಹಂಗ ಅಂದಂದ ನನ್ನ ಮನ್ಯಾಗ ಮೂವತ್ತ ಮಳಿಗಾಲ ಆತು. ಮಿರಗಾ ಮಳಿ ಕೂಡಾಕ ನಾಕ ದಿನಾ ಐತಿ. ನೀವು ಮಲಗೂದು ಅದರ ಕೆಳಗ. ನಮ್ಮ ಅಳಿಯಾ ಮಲಗೂದು ಅದರ ಕೆಳಗ. ನಾನು ಬಾಣಂತನ ಎಷ್ಟ ಚಂದ ಮಾಡಿದ್ರೂ, ಐದು ತಿಂಗಳಿಗೆ ಕೂಸು ಹೋಗೂದೂ ಅದರ ಕೆಳಗ."

ಶಿವಗಂಗವ್ವ ಎದ್ದಳು. ಎದ್ದವಳು ಬೀಗತಿಯ ಕೈಯಿಂದ ಬುಟ್ಟಿಯನ್ನು ತೆಗೆದುಕೊಂಡು ತನ್ನ ಬಗಲಲ್ಲಿ ಇಟ್ಟುಕೊಂಡಳು. ಮಗಳ ಊಟ ಉಪಚಾರದ ಹೊಣೆ ಗುಡದಪ್ಪನಿಗೆ ಬಿತ್ತು. "ಅನ್ನ ಮುದ್ದಿ ಮಾಡಬ್ಯಾಡ್ರಿ" ಅಂತ ಮಾದೇವಿ ಹೊಸ್ತಿಲಲ್ಲಿ ನಿಂತು ಎರಡು ಸಲ ಹೇಳಿದಳು. ಅವನು ಎರಡು ಸಲ ತಲೆಯಾಡಿಸಿದ.

ಬಸ್ ನಿಲ್ಲುವ ಕಟ್ಟೆಯ ಮೇಲೆ ಈರಬಸಪ್ಪ ಕೂತಿದ್ದ. ಸಲಿಕೆ ಹೆಗಲಿಗೇರಿಸಿದ ಮಾದೇವಿಯನ್ನೂ, ಹೊಸ ಸೀರೆಯುಟ್ಟು ಬುಟ್ಟಿ ಹೊತ್ತ ಬೀಗತಿಯನ್ನೂ ನೋಡಿ ಅವನಿಗೆ ನಗು ತಡೆಯಲಿಲ್ಲ.

"ಏನ ಮಾದೇವಿ, ಬೀಗರ ಊರಾಗೂ ಮಣ್ಣ ಹಾಕಾಕ ಹೊಂಟಿ?"

"ಹಾಕಾಕಲ್ರಿ ಸಾವ್ಕಾರ್ರ," ಅಂದಳು ಮಾದೇವಿ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು. "ಇಳಿಸಾಕ. ನಮ್ಮ ಕೂಸಿಂದು ಮನಿ ಅದು."